ಓದುಗರ ಪ್ರಶ್ನೆ: ಹಂದಿ ತೊಡೆಗೆ ನಾಲ್ಕು ಬಣ್ಣದ ಪಟ್ಟಿ ಯಾಕೆ?

ಈ ಸಲದ ಅಂಕಣದಲ್ಲಿ ಒಂದೇ ವಿಷಯ. ಸ್ಪೇನಿನ ಹಮೋನ್ ಇಬೆರಿಕೊ. ಅಂದರೆ ಇಬೆರಿಕೊ ಅನ್ನುವ ತಳಿಯ ಹಂದಿಯ ಹಿಂಗಾಲನ್ನು ಉಪ್ಪಿನಲ್ಲಿಟ್ಟು, ಆಮೇಲೆ ವರ್ಷಗಟ್ಟಲೆ ಗಾಳಿಗೆ ಒಣಗಿಸಿ, ಬೇಯಿಸದೆ ತೆಳ್ಳಗೆ ಕೊಯ್ದು ತಿನ್ನುವ ಮಾಂಸ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಇದರ ಬಗ್ಗೆ ಪತ್ರ ಬಂದಿವೆ, ಹಾಗಾಗಿ ಎಲ್ಲಾ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅಣ್ಣನ ಮಗ ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಯ ಅಂಗಡಿಯೊಂದರ ಫೋಟೋ ಕಳಿಸಿದ್ದ. ಗೊರಸಿನ ಸಮೇತ ಹಂದಿ ಕಾಲುಗಳನ್ನು ಸಾಲಾಗಿ ನೇತು ಹಾಕಿದ್ದಾರೆ. ಒಂದಕ್ಕೆ ಕಪ್ಪು ಪಟ್ಟಿ, ಒಂದಕ್ಕೆ ಕೆಂಪು, ಮತ್ತೊಂದಕ್ಕೆ ಬಿಳಿ. ನೋಡಲು ಎಲ್ಲಾ ಒಂದೇ ಥರ, ರೇಟು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಎಲ್ಲಾ ಹಂದಿ ಕಾಲೇ ಅಲ್ವಾ ಸರ್?
(ಒಬ್ಬ ಓದುಗರು, ಕೌಲ್ ಬಜಾರ್, ಬಳ್ಳಾರಿ)

ಉತ್ತರ: ಕಾಲೇನೋ ಹಂದಿಯದೇ, ಆದರೆ ಹಂದಿ ಬೇರೆ ಬೇರೆ, ಅವು ತಿಂದ ಮೇವೂ ಬೇರೆ ಬೇರೆ. ಆ ಪಟ್ಟಿ ಎರಡು ವಿಷಯ ಹೇಳುತ್ತದೆ. ಒಂದು, ಹಂದಿಯ ತಳಿ. ಇನ್ನೊಂದು, ಕಡಿಯುವ ಮುಂಚಿನ ತಿಂಗಳುಗಳಲ್ಲಿ ಅದು ಎಲ್ಲಿ ಓಡಾಡಿ ಏನು ತಿಂದಿತು ಅನ್ನೋದು. ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡರೆ ಗೊಂದಲವೇ ಇಲ್ಲ.

ಮೊದಲು ಮೇವು. ಕಪ್ಪು ಮತ್ತು ಕೆಂಪು ಪಟ್ಟಿಯ ಹಂದಿ ಎರಡೂ ಕೊನೆಯ ಹಂತದಲ್ಲಿ ಓಕ್ ಕಾಡಿನಲ್ಲಿ ಬರೀ ಕಾಯಿ ಮತ್ತು ಹುಲ್ಲು ತಿಂದವು. ಇದಕ್ಕೆ ಅಲ್ಲಿ ಬೆಯೋಟಾ ಅನ್ನುತ್ತಾರೆ. ಹಸಿರು ಪಟ್ಟಿಯದು ಬಯಲಲ್ಲಿ ಓಡಾಡಿದ್ದು ನಿಜ, ಆದರೆ ಅದಕ್ಕೆ ಹುಲ್ಲಿನ ಜೊತೆ ದಾಣಿ ಹಾಕಿರುತ್ತಾರೆ. ಅದು ಸೆಬೊ ದೆ ಕಾಂಪೊ. ಬಿಳಿ ಪಟ್ಟಿಯದು ಸೆಬೊ, ದೊಡ್ಡಿಯಲ್ಲಿ ದಾಣಿ ತಿಂದೇ ಬೆಳೆದದ್ದು.

ಈಗ ತಳಿ. ಇಬೆರಿಕೊ ಅನ್ನಿಸಿಕೊಳ್ಳಬೇಕಾದರೆ ತಾಯಿ ಹಂದಿ ಪೂರ್ತಿ ಇಬೆರಿಕೊ ಇರಲೇಬೇಕು, ನಾಲ್ಕೂ ಬಣ್ಣಕ್ಕೆ ಈ ನಿಯಮ ಒಂದೇ. ಬದಲಾಗುವುದು ತಂದೆ. ತಂದೆಯೂ ಪೂರ್ತಿ ಇಬೆರಿಕೊ ಆದರೆ ಮರಿ 100%. ತಂದೆ ಡ್ಯೂರಾಕ್ ತಳಿಯದಾದರೆ ಮರಿ 50%. ತಂದೆ ಅರ್ಧ ಇಬೆರಿಕೊ, ಅರ್ಧ ಡ್ಯೂರಾಕ್ ಆದರೆ 75%. ಕಪ್ಪು ಪಟ್ಟಿ ಸಿಗುವುದು 100% ತಳಿಯ, ಓಕ್ ಕಾಯಿ ತಿಂದ ಹಂದಿಗೆ ಮಾತ್ರ. ಓಕ್ ಕಾಯಿ ತಿಂದ ಮಿಶ್ರತಳಿಗೆ ಕೆಂಪು.

ಇಲ್ಲಿ ನಿಮ್ಮ ಅಣ್ಣನ ಮಗನಿಗೆ ಒಂದು ಮಾತು ಹೇಳಿ. ಬಿಳಿ ಪಟ್ಟಿಯ ಮೇಲೂ '100% ಇಬೆರಿಕೊ' ಅಂತ ಬರೆದಿರಬಹುದು, ಅದು ಸುಳ್ಳಲ್ಲ, ತಳಿ ಶುದ್ಧವೇ, ಆದರೆ ಆ ಹಂದಿ ಓಕ್ ಕಾಯಿ ತಿಂದದ್ದಲ್ಲ. ಹೊಸಬರು 100 ಅನ್ನುವ ಅಂಕಿ ನೋಡಿ ದುಡ್ಡು ಕೊಟ್ಟುಬಿಡುತ್ತಾರೆ. ಮೊದಲು ಬಣ್ಣ ನೋಡಬೇಕು, ಆಮೇಲೆ ಅಂಕಿ. ನನ್ನನ್ನು ಕೇಳಿದರೆ ಒಳ್ಳೆಯ ಕೆಂಪು ಪಟ್ಟಿಯದು ಸಿಕ್ಕಿದರೆ ಧೈರ್ಯವಾಗಿ ತಗೊಳ್ಳಲಿ. ಅದೂ ಕಾಡಿನ ಕಾಯಿಯನ್ನೇ ತಿಂದದ್ದು.

ಈ ಬಣ್ಣದ ಪದ್ಧತಿ 2014ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಹೊರಡಿಸಿದ ಆದೇಶದಿಂದ ಬಂದದ್ದು. ಪಟ್ಟಿಯನ್ನು ಹಂದಿ ಕಡಿಯುವ ಜಾಗದಲ್ಲೇ ಕಾಲಿಗೆ ಬಿಗಿಯುತ್ತಾರೆ, ಒಮ್ಮೆ ಹಾಕಿದರೆ ಕತ್ತರಿಸದೆ ತೆಗೆಯಲು ಬರುವುದಿಲ್ಲ, ಪ್ರತಿಯೊಂದಕ್ಕೂ ಅದರದೇ ನಂಬರ್ ಇರುತ್ತದೆ. 'ಪಾತಾ ನೆಗ್ರಾ', ಅಂದರೆ ಕಪ್ಪು ಕಾಲು, ಅನ್ನುವ ಹೆಸರನ್ನು ಕಪ್ಪು ಪಟ್ಟಿಯ ಮಾಲಿಗೆ ಬಿಟ್ಟು ಬೇರೆಯದಕ್ಕೆ ಬಳಸುವಂತಿಲ್ಲ. ಬರೀ ಗೊರಸು ಕಪ್ಪಗಿದೆ ಅಂತ ನಂಬಬಾರದು, ಬೇರೆ ತಳಿಗೂ ಕಪ್ಪು ಗೊರಸು ಇರಬಹುದು. ದಾಣಿ ತಿಂದ ಹಂದಿಯ ಮಾಲಿನ ಮೇಲೆ ಓಕ್ ಕಾಡಿನ ಚಿತ್ರ ಹಾಕಿ ಮಾರುವುದಕ್ಕೂ ಅವಕಾಶ ಇಲ್ಲ. ಇದು ನನಗೆ ಬಹಳ ಸರಿ ಅನ್ನಿಸುತ್ತದೆ. ನಮ್ಮ ಗಂಗಾವತಿ ಕಡೆ ಸೋನಾ ಮಸೂರಿ ಅಂತ ಬರೆದ ಚೀಲದಲ್ಲಿ ಬೇರೆ ಅಕ್ಕಿ ತುಂಬಿದರೆ ಬೆಳೆದ ರೈತನಿಗೂ ಪೆಟ್ಟು, ಉಣ್ಣುವವನಿಗೂ ಪೆಟ್ಟು ಅಲ್ವಾ? ಒಂದು ಹಂದಿಗೆ ಎಕರೆಗಟ್ಟಲೆ ಕಾಡು ಬಿಟ್ಟು ಸಾಕಿದವನ ಕಷ್ಟವೂ ಹಾಗೇ, ಹೆಸರು ಕಾಯದೆ ಹೋದರೆ ಅವನು ಮುಂದಿನ ವರ್ಷ ದೊಡ್ಡಿ ಕಟ್ಟಿ ದಾಣಿ ಹಾಕುತ್ತಾನೆ.

ಪ್ರಶ್ನೆ: ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದೇನೆ. ಓಕ್ ಕಾಯಿ ತಿಂದರೆ ಮಾಂಸದಲ್ಲಿ ಅಂಥದ್ದೇನು ಬದಲಾಗುತ್ತದೆ? ಎಷ್ಟು ದಿನ ತಿನ್ನಬೇಕು ಅಂತ ಲೆಕ್ಕ ಇದೆಯಾ, ಇಲ್ಲ ಸುಮ್ನೆ ಹೇಳುವುದಾ?
(ಒಬ್ಬ ವಿದ್ಯಾರ್ಥಿ, ಗಂಗಾವತಿ)

ಉತ್ತರ: ಲೆಕ್ಕ ಇದೆ ತಮ್ಮಾ, ಬಹಳ ಕಟ್ಟುನಿಟ್ಟಿನ ಲೆಕ್ಕ.

ಸ್ಪೇನಿನ ಪಶ್ಚಿಮ ಮತ್ತು ನೈಋತ್ಯ ಭಾಗದಲ್ಲಿ ದೆಹೇಸಾ ಅನ್ನುವ ಬಯಲುಕಾಡು ಇದೆ. ದಟ್ಟ ಕಾಡಲ್ಲ, ಹುಲ್ಲುಗಾವಲಿನಲ್ಲಿ ಅಲ್ಲಲ್ಲಿ ಬಿಡಿಬಿಡಿಯಾಗಿ ಓಕ್ ಮರ. ಮುಖ್ಯವಾಗಿ ಎಂಸೀನಾ ಅನ್ನುವ ನಿತ್ಯಹಸಿರಿನ ಓಕ್, ಜೊತೆಗೆ ಬಾಟಲಿಯ ಬಿರಡೆ ಮಾಡುವ ಕಾರ್ಕ್ ಓಕ್. ಚಳಿಗಾಲ ಹತ್ತಿರ ಬಂದಾಗ ಕಾಯಿ ಉದುರತೊಡಗುತ್ತವೆ. ಆಗ ಹಂದಿಗಳನ್ನು ಒಳಗೆ ಬಿಡುತ್ತಾರೆ. ಈ ಮೇಯುವ ಕಾಲಕ್ಕೆ ಮೊಂತನೇರಾ ಅಂತ ಹೆಸರು.

ನಿಯಮದ ಪ್ರಕಾರ ಹಂದಿಗಳು ಅಕ್ಟೋಬರ್ 1ರಿಂದ ಡಿಸೆಂಬರ್ 15ರ ಒಳಗೆ ಕಾಡಿಗೆ ಇಳಿಯಬೇಕು. ಇಳಿಯುವಾಗ ಹಿಂಡಿನ ಸರಾಸರಿ ತೂಕ 92ರಿಂದ 115 ಕೆ.ಜಿ. ಒಳಗಿರಬೇಕು. 60 ದಿನಕ್ಕಿಂತ ಜಾಸ್ತಿ ಅಲ್ಲೇ ಮೇಯಬೇಕು, ಕಾಯಿ ಮತ್ತು ಹುಲ್ಲಿನಿಂದಲೇ ಕನಿಷ್ಠ 46 ಕೆ.ಜಿ. ಏರಬೇಕು. ಕಡಿಯುವಾಗ ಕನಿಷ್ಠ 14 ತಿಂಗಳು ತುಂಬಿರಬೇಕು, ಕಡಿಯುವುದು ಡಿಸೆಂಬರ್ 15ರಿಂದ ಮಾರ್ಚ್ 31ರ ಒಳಗೆ. ಮರ ಎಷ್ಟು ದಟ್ಟವಾಗಿವೆ ಅನ್ನೋದರ ಮೇಲೆ ಹಂದಿಗಳ ಸಂಖ್ಯೆಯನ್ನೂ ಗೊತ್ತು ಮಾಡಿದ್ದಾರೆ. ಮರ ಚೆನ್ನಾಗಿರುವ ಕಡೆ ಹೆಕ್ಟೇರಿಗೆ ಹೆಚ್ಚೆಂದರೆ 1.25 ಹಂದಿ, ಮರ ಕಡಿಮೆ ಇದ್ದರೆ ಬರೀ 0.25. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಒಂದು ಹಂದಿಗೆ 2 ಎಕರೆ, ಮರ ವಿರಳವಾದ ಕಡೆ ಸುಮಾರು 10 ಎಕರೆ! ಬೆಲೆ ಯಾಕೆ ಅಷ್ಟು ಅಂತ ಕೇಳುವವರಿಗೆ ನಾನು ಮೊದಲು ಈ ಎಕರೆ ಲೆಕ್ಕವನ್ನೇ ಹೇಳುವುದು. ಅದೂ ಈ ವರ್ಷ ನೆಟ್ಟು ಮುಂದಿನ ವರ್ಷ ಕಾಯಿ ಕೊಡುವ ಮರವಲ್ಲ, ಅಜ್ಜನ ಕಾಲದ ಮರಗಳು. ಈಗ ಬೇರು ಕೊಳೆಯುವ ರೋಗದಿಂದ ಅವು ಒಣಗುತ್ತಿವೆ, ಅಲ್ಲಿಯವರು ಅದಕ್ಕೆ 'ಸೇಕಾ' ಅನ್ನುತ್ತಾರೆ. ಮರ ಹೋದರೆ ಕಪ್ಪು ಪಟ್ಟಿಯೂ ಹೋಯಿತು, ಕೆಂಪೂ ಹೋಯಿತು.

ಇನ್ನು ಮಾಂಸದಲ್ಲಿ ಏನಾಗುತ್ತದೆ ಅನ್ನೋದು. ಓಕ್ ಕಾಯಿಯಲ್ಲಿ ಪಿಷ್ಟ ಜಾಸ್ತಿ, ಜೊತೆಗೆ ಎಣ್ಣೆಯೂ ಇದೆ. ಆ ಎಣ್ಣೆಯಲ್ಲಿ ದೊಡ್ಡ ಪಾಲು ಓಲಿಕ್ ಆಮ್ಲ, ಆಲಿವ್ ಎಣ್ಣೆಯಲ್ಲಿರುವುದೂ ಅದೇ. ದನ, ಕುರಿಯ ಹೊಟ್ಟೆಯಲ್ಲಿ ತಿಂದ ಎಣ್ಣೆಯ ಸ್ವರೂಪ ಬಹಳಷ್ಟು ಬದಲಾಗಿಬಿಡುತ್ತದೆ. ಹಂದಿಗೆ ಹಾಗಲ್ಲ, ತಿಂದ ಎಣ್ಣೆ ಹೆಚ್ಚುಕಡಿಮೆ ಹಾಗೇ ಕೊಬ್ಬಿಗೆ ಬಂದು ಕೂರುತ್ತದೆ. ಹಾಗಾಗಿ ಬೆಯೋಟಾ ಹಂದಿಯ ಕೊಬ್ಬಿನಲ್ಲಿ ಅರ್ಧಕ್ಕಿಂತ ಜಾಸ್ತಿ ಓಲಿಕ್ ಆಮ್ಲವೇ ಇರುತ್ತದೆ, ಕೊಬ್ಬು ಮೆತ್ತಗಿರುತ್ತದೆ. ಕೊಯ್ದ ತುಂಡನ್ನು ಬೆರಳಲ್ಲಿ ಹಿಡಿದುಕೊಂಡರೆ ಸಾಕು, ಅಂಚಿನ ಬಿಳಿ ಕೊಬ್ಬು ಗಾಜಿನ ಥರ ಆಗಿ ಬೆರಳಿಗೆ ಎಣ್ಣೆ ಹತ್ತುತ್ತದೆ. ಹುಲ್ಲಿಗೂ ಪಾಲಿದೆ. ಅದರಲ್ಲಿರುವ ವಿಟಮಿನ್ ಇ ಕೊಬ್ಬು ವರ್ಷಗಟ್ಟಲೆ ಕಮಟು ಹಿಡಿಯದಂತೆ ಕಾಯುತ್ತದೆ. ಇನ್ನು ಇಬೆರಿಕೊ ತಳಿಯ ಗುಣವೇ ಮಾಂಸದ ಎಳೆಗಳ ನಡುವೆಯೂ ಕೊಬ್ಬು ಇಳಿಸಿಕೊಳ್ಳುವುದು. ಕಾಯಿಗಾಗಿ ದಿನವಿಡೀ ಮರದಿಂದ ಮರಕ್ಕೆ ನಡೆಯುತ್ತದಲ್ಲ, ಆ ನಡಿಗೆಯೂ ತೊಡೆಯ ಮಾಂಸಕ್ಕೆ ಬಣ್ಣ, ಗಟ್ಟಿತನ ಕೊಡುತ್ತದೆ. ಇನ್ನೊಂದು ಚೆಂದದ ಸಂಗತಿ: ಈ ಹಂದಿ ಕಾಯಿಯನ್ನು ಸಿಪ್ಪೆ ಸಮೇತ ನುಂಗುವುದಿಲ್ಲ. ಬಾಯಲ್ಲೇ ಬಿಡಿಸಿ, ಒಗರು ಸಿಪ್ಪೆಯನ್ನು ಉಗಿದು, ಒಳಗಿನ ತಿರುಳನ್ನಷ್ಟೇ ತಿನ್ನುತ್ತದೆ.

ಪ್ರಶ್ನೆ: ಹಸಿ ಮಾಂಸ ಮೂರು ನಾಲ್ಕು ವರ್ಷ ಕೆಡದೆ ಇರುತ್ತದೆ ಅಂದರೆ ನಂಬಲು ಆಗುತ್ತಿಲ್ಲ. ನಮ್ಮಲ್ಲಿ ಬೆಳಿಗ್ಗೆ ತಂದದ್ದು ಸಂಜೆಗೆ ವಾಸನೆ ಬರುತ್ತದೆ. ಅವರು ಏನು ಮಾಡುತ್ತಾರೆ?
(ಒಬ್ಬ ಗೃಹಿಣಿ, ಮಾನ್ವಿ)

ಉತ್ತರ: ಅಕ್ಕಾರೆ, ಅವರು ಮೊದಲು ಚಳಿಯನ್ನು ಕಾಯುತ್ತಾರೆ. ಎಲ್ಲಾ ಗುಟ್ಟು ಅಲ್ಲೇ ಇದೆ.

ಕಾಲನ್ನು ಬೇರ್ಪಡಿಸಿ, ಚರ್ಮವನ್ನು ವಿ ಆಕಾರದಲ್ಲಿ ಕತ್ತರಿಸಿ, ಒಳಗಿನ ರಕ್ತನಾಳವನ್ನು ಒತ್ತಿ ಉಳಿದ ರಕ್ತ ತೆಗೆಯುತ್ತಾರೆ. ಅಲ್ಲಿ ರಕ್ತ ನಿಂತರೆ ಕೆಡುವುದು ಅಲ್ಲಿಂದಲೇ ಶುರು. ಆಮೇಲೆ ಸಮುದ್ರದ ಉಪ್ಪಿನಲ್ಲಿ ಹೂತಿಡುತ್ತಾರೆ, ಒಂದು ಪದರ ಉಪ್ಪು, ಒಂದು ಪದರ ಕಾಲು, ಮತ್ತೆ ಉಪ್ಪು. ಕೋಣೆಯ ಶಾಖ 0ರಿಂದ 5 ಡಿಗ್ರಿ. ಎಷ್ಟು ದಿನ ಅಂದರೆ ಕಿಲೋಗೆ ಹೆಚ್ಚುಕಡಿಮೆ ಒಂದು ದಿನ, 10 ಕೆ.ಜಿ. ಕಾಲಾದರೆ ಸುಮಾರು 10 ದಿನ. ಆಮೇಲೆ ಮೇಲಿನ ಉಪ್ಪು ತೊಳೆದು ನೇತು ಹಾಕುತ್ತಾರೆ.

ಈಗ ಹೊರಗೆ ಉಪ್ಪು ಹಿಡಿದಿದೆ, ಮೂಳೆಯ ಹತ್ತಿರ ಇನ್ನೂ ಹಸಿ ಮಾಂಸವೇ. ಇದೇ ಅಪಾಯದ ಹೊತ್ತು. ಹಾಗಾಗಿ ಇನ್ನೂ ಒಂದೂವರೆ ಎರಡು ತಿಂಗಳು, ಕೆಲವು ಕಡೆ ಅದಕ್ಕೂ ಜಾಸ್ತಿ, ತಂಪಿನಲ್ಲೇ ಇಡುತ್ತಾರೆ. ಉಪ್ಪು ನಿಧಾನಕ್ಕೆ ಒಳಗೆ ಇಳಿಯುತ್ತದೆ, ನೀರು ನಿಧಾನಕ್ಕೆ ಹೊರಗೆ ಬರುತ್ತದೆ. ಕೆಡಿಸುವ ಸೂಕ್ಷ್ಮಜೀವಿಗಳಿಗೆ ಬದುಕಲು ನೀರು ಬೇಕು. ಉಪ್ಪು ಬಂದು ಆ ನೀರನ್ನು ಹಿಡಿದಿಡುವವರೆಗೆ ಚಳಿ ಕಾವಲು ಕಾಯಬೇಕು. ಉಪ್ಪು ಮೂಳೆ ಮುಟ್ಟಿದ ಮೇಲಷ್ಟೇ ಬಿಸಿಗೆ ಬಿಡಬಹುದು.

ಆಮೇಲೆ ಒಣಗಿಸುವ ಮಹಡಿ. ದೊಡ್ಡ ದೊಡ್ಡ ಕಿಟಕಿಗಳಿರುವ ಹಜಾರ. ಹೊರಗಿನ ಗಾಳಿ ನೋಡಿಕೊಂಡು ಕಿಟಕಿ ತೆಗೆಯುವುದು, ಮುಚ್ಚುವುದೇ ಒಂದು ಕಸುಬು. ಬೇಸಿಗೆ ಬಂದಂತೆ ಶಾಖ ಏರುತ್ತದೆ, ಕೊಬ್ಬು ಕರಗಿ ಕಾಲು ಬೆವರತೊಡಗುತ್ತದೆ. ಸ್ವಲ್ಪ ಎಣ್ಣೆ ತೊಟ್ಟಿಕ್ಕುತ್ತದೆ, ಉಳಿದದ್ದು ಮಾಂಸದ ಎಳೆಗಳೊಳಗೆ ಹರಡುತ್ತದೆ. ಬಹಳ ಬೇಗ ಒಣಗಿದರೆ ಹೊರಗೆ ಗಟ್ಟಿ ಪದರ ಕಟ್ಟಿಕೊಂಡು ಒಳಗಿನ ನೀರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಹಾಗಾಗಿ ಅವಸರ ಮಾಡುವಂತಿಲ್ಲ.

ಕೊನೆಗೆ ನೆಲಮಾಳಿಗೆ. ಕತ್ತಲು, ತಂಪು, ಸ್ವಲ್ಪ ತೇವ. ಮೇಲೆ ಬೂಸ್ಟು ಬರುತ್ತದೆ, ಅದು ಬರಬೇಕಾದದ್ದೇ. ಒಳಗೆ ಮಾಂಸದ್ದೇ ಕಿಣ್ವಗಳು ಪ್ರೋಟೀನನ್ನು ಒಡೆದು ಚಿಕ್ಕದು ಮಾಡುತ್ತಾ ಹೋಗುತ್ತವೆ, ಆ ಘಮ, ಆ ಸಿಹಿಯಂಥ ರುಚಿ ಬರುವುದು ಇಲ್ಲಿಂದ. ಮಾಗಿದ ಕಾಲು 7 ಕೆ.ಜಿ.ಗಿಂತ ಕಡಿಮೆ ಇದ್ದರೆ ಕನಿಷ್ಠ 600 ದಿನ, 7 ಕೆ.ಜಿ. ಅಥವಾ ಅದಕ್ಕೂ ಜಾಸ್ತಿ ಇದ್ದರೆ 730 ದಿನ ಅಂತ ನಿಯಮ. ಮುಂಗಾಲಿಗೆ ಪಲೇತಾ ಅನ್ನುತ್ತಾರೆ, ಅದು ಚಿಕ್ಕದು, ಅದಕ್ಕೆ 365 ದಿನ. ಒಳ್ಳೆಯ ಬೆಯೋಟಾ ಹಿಂಗಾಲನ್ನು ಮೂರು ನಾಲ್ಕು ವರ್ಷ ಇಡುವವರೂ ಇದ್ದಾರೆ. ಹೊರಗೆ ಬರುವ ಹೊತ್ತಿಗೆ ಮೂರನೇ ಒಂದು ಪಾಲಿನಷ್ಟು ತೂಕ ಇಳಿದಿರುತ್ತದೆ.

ಚೆನ್ನಾಗಿ ಮಾಗಿದೆಯಾ ಇಲ್ಲವಾ ಅಂತ ಕತ್ತರಿಸದೆ ಹೇಗೆ ಗೊತ್ತು ಮಾಡುತ್ತಾರೆ ಅನ್ನೋದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಕುದುರೆ ಅಥವಾ ದನದ ಮೂಳೆಯನ್ನು ಚೂಪಾಗಿ ಮಾಡಿದ ಒಂದು ಸೂಜಿ ಇರುತ್ತದೆ. ಪರೀಕ್ಷಿಸುವವನು ಅದನ್ನು ಕಾಲಿನ ಗೊತ್ತಾದ ಜಾಗಗಳಲ್ಲಿ, ಕೀಲಿನ ಹತ್ತಿರ, ರಕ್ತನಾಳ ಹೋಗುವ ಕಡೆ, ಸರಕ್ಕನೆ ಚುಚ್ಚಿ ತೆಗೆದು ಮೂಗಿಗೆ ಹಿಡಿಯುತ್ತಾನೆ. ಚುಚ್ಚಿದ ತೂತನ್ನು ಬೆರಳಿನಿಂದ ಅಲ್ಲೇ ಕೊಬ್ಬು ಸವರಿ ಮುಚ್ಚುತ್ತಾನೆ. ಮೂಳೆಯಲ್ಲಿ ಸಣ್ಣ ಸಣ್ಣ ರಂಧ್ರ ಇರುವುದರಿಂದ ವಾಸನೆ ಬೇಗ ಹಿಡಿಯುತ್ತದೆ, ಬೇಗ ಬಿಡುತ್ತದೆ, ಅದಕ್ಕೇ ಮುಂದಿನ ಕಾಲಿಗೂ ಅದೇ ಸೂಜಿ ನಡೆಯುತ್ತದೆ.

ಪ್ರಶ್ನೆ: ವಿಡಿಯೋದಲ್ಲಿ ಕೊಯ್ದ ತುಂಡಿನ ಮೇಲೆ ಬಿಳಿ ಬಿಳಿ ಚುಕ್ಕಿ ಕಂಡವು. ಹುಳದ ಮೊಟ್ಟೆನಾ?
(ಒಬ್ಬ ಓದುಗರು, ಕುಷ್ಟಗಿ)

ಉತ್ತರ: ಅಲ್ಲ. ಅದು ಟೈರೋಸಿನ್ ಅನ್ನುವ ಅಮೈನೋ ಆಮ್ಲದ ಹರಳು. ಪ್ರೋಟೀನ್ ಒಡೆದಾಗ ಬರುತ್ತದೆ, ನಿಧಾನವಾಗಿ ಮಾಗಿದೆ ಅನ್ನುವುದಕ್ಕೆ ಗುರುತು. ಹಲ್ಲಿಗೆ ಸಣ್ಣ ಮರಳಿನ ಹಾಗೆ ಸಿಗುತ್ತದೆ, ತಿಂದರೆ ಏನೂ ಆಗದು.

ಪ್ರಶ್ನೆ: ಸಿಂಧನೂರು ಹತ್ತಿರ ಹಂದಿ ಸಾಕಾಣಿಕೆ ಮಾಡುತ್ತಿದ್ದೇನೆ. ನಮ್ಮಲ್ಲಿ ಉಪ್ಪಿಗೆ, ಬಿಸಿಲಿಗೆ, ಒಣ ಗಾಳಿಗೆ ಏನು ಕಡಿಮೆ? ಓಕ್ ಇಲ್ಲ, ಶೇಂಗಾ ಇದೆ. ಇಂಥದ್ದನ್ನು ಇಲ್ಲೇ ಮಾಡಬಹುದಾ ಸರ್?
(ಒಬ್ಬ ಯುವ ರೈತರು)

ಉತ್ತರ: ನಿಮ್ಮ ಉಮೇದು ನನಗೆ ಖುಷಿ ಕೊಟ್ಟಿತು, ಅದಕ್ಕೇ ನೇರವಾಗಿ ಹೇಳುತ್ತೇನೆ. ಮಾಳಿಗೆ ಮೇಲೆ, ಬಿಸಿಲಲ್ಲಿ ಖಂಡಿತ ಬೇಡ. ಮೇಲಿನ ಉತ್ತರ ಓದಿದ್ದೀರಿ, ಇದಕ್ಕೆ ಮೊದಲು ಬೇಕಾದದ್ದು ಬಿಸಿಲಲ್ಲ, ಎರಡು ಮೂರು ತಿಂಗಳ ಬಿಡದ ಚಳಿ. ರಾಯಚೂರು ಸೀಮೆಯಲ್ಲಿ ಡಿಸೆಂಬರ್ ರಾತ್ರಿಯಲ್ಲೂ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ, ಹಗಲು ಮತ್ತೆ ಕಾವು ಏರುತ್ತದೆ. ಉಪ್ಪು ಮೂಳೆ ಮುಟ್ಟುವ ಮೊದಲೇ ಒಳಗೆ ಕೊಳೆಯುತ್ತದೆ. ಬರೀ ಕೊಳೆತರೆ ವಾಸನೆಯಾದರೂ ಬರುತ್ತದೆ, ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆದರೆ ಗೊತ್ತೇ ಆಗದೆ ಜೀವಕ್ಕೆ ಕುತ್ತು. ನಮ್ಮಲ್ಲಿ ಮಾಂಸ ಒಣಗಿಸುವ ಪದ್ಧತಿ ಇದೆಯಲ್ಲ ಅನ್ನಬಹುದು. ಇದೆ, ಆದರೆ ಅದನ್ನು ಬೆರಳಗಲದ ಎಳೆಗಳಾಗಿ ಕೊಯ್ದು ಉಪ್ಪು ಅರಿಶಿನ ಹಚ್ಚಿ ಒಣಗಿಸುತ್ತಾರೆ, ಬೇಸಿಗೆ ಬಿಸಿಲಿಗೆ ನೀರು ಬೇಗ ಆರುತ್ತದೆ, ತಿನ್ನುವಾಗ ಬೇಯಿಸುತ್ತಾರೆ. 10 ಕೆ.ಜಿ.ಯ ಇಡೀ ಕಾಲಿನ ದಾರಿಯೇ ಬೇರೆ.

ಮಾಡಲೇಬೇಕು ಅಂದರೆ ಕರೆಂಟ್ ಹೋದರೂ ನಿಲ್ಲದ ಕೋಲ್ಡ್ ರೂಮ್ ಬೇಕು, ತೇವಾಂಶ ಹಿಡಿತದಲ್ಲಿಡುವ ವ್ಯವಸ್ಥೆ ಬೇಕು, ಈ ಕೆಲಸ ಕಲಿತವರು ಒಬ್ಬರು ಜೊತೆಗಿರಬೇಕು, ಮಾರಬೇಕಾದರೆ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು. ಹಾಕಿದ ದುಡ್ಡು ಎರಡು ವರ್ಷ ನೇತಾಡುತ್ತಿರುತ್ತದೆ, ಅದನ್ನೂ ಲೆಕ್ಕ ಹಾಕಿ. ತಳಿಯ ವಿಷಯವೂ ಇದೆ. ನಮ್ಮ ಫಾರ್ಮ್‌ಗಳಲ್ಲಿ ಸಾಮಾನ್ಯವಾಗಿರುವ ಬಿಳಿ ಯಾರ್ಕ್‌ಶೈರ್ ಬೇಗ ಬೆಳೆಯುತ್ತದೆ, ಮಾಂಸ ಜಾಸ್ತಿ, ಎಳೆಗಳ ನಡುವಿನ ಕೊಬ್ಬು ಕಡಿಮೆ. ವರ್ಷಗಟ್ಟಲೆ ಒಣಗಿಸಿದರೆ ಅದು ಬಿರುಸಾಗುತ್ತದೆ.

ಶೇಂಗಾ ಬಗ್ಗೆ ಮಾತ್ರ ನೀವು ಯೋಚಿಸಿದ ದಾರಿ ಸರಿಯಾಗಿಯೇ ಇದೆ. ಅಮೆರಿಕದ ವರ್ಜೀನಿಯಾದಲ್ಲಿ ಸ್ಮಿತ್‌ಫೀಲ್ಡ್ ಅನ್ನುವ ಊರಿನ ಹಂದಿ ತೊಡೆ ಹೆಸರುವಾಸಿ. 1926ರಲ್ಲಿ ಅಲ್ಲಿ ಮಾಡಿದ ಕಾನೂನಿನ ಪ್ರಕಾರ ಶೇಂಗಾ ತಿಂದ ಹಂದಿಯದಾದರೆ ಮಾತ್ರ ಆ ಹೆಸರು ಹಾಕಬಹುದಿತ್ತು. ಕಟಾವಾದ ಶೇಂಗಾ ಹೊಲಕ್ಕೆ ಹಂದಿ ಬಿಡುತ್ತಿದ್ದರು, ಉಳಿದ ಕಾಯಿ ಕೆದರಿ ತಿನ್ನುತ್ತಿದ್ದವು. 1966ರಲ್ಲಿ ಶೇಂಗಾದ ಷರತ್ತನ್ನು ತೆಗೆದುಹಾಕಿದರು. ಹೆಸರು ಉಳಿಯಿತು, ಶೇಂಗಾ ಹೋಯಿತು. ಸ್ಪೇನಿನವರು ಬಣ್ಣದ ಪಟ್ಟಿಯಲ್ಲಿ ಮೇವನ್ನೇ ಹಿಡಿದು ಕೂತಿರುವುದು ಯಾಕೆ ಅಂತ ಇದನ್ನು ನೋಡಿದರೆ ಅರ್ಥವಾಗುತ್ತದೆ.

ನೀವು ಶೇಂಗಾ ಹೊಲದಲ್ಲಿ ಮೇಯಿಸಿದ ಹಂದಿಯ ತಾಜಾ ಮಾಂಸವನ್ನೇ ಬೇರೆ ಹೆಸರಿನಿಂದ ಮಾರಿ ನೋಡಿ, ಕೊಬ್ಬಿನ ವ್ಯತ್ಯಾಸ ತಿಂದವರಿಗೆ ಗೊತ್ತಾಗುತ್ತದೆ. ಬೂಸ್ಟು ಹಿಡಿದ ಶೇಂಗಾ ಮಾತ್ರ ಹಾಕಬೇಡಿ, ಅದರಲ್ಲಿ ಅಫ್ಲಟಾಕ್ಸಿನ್ ವಿಷ ಇರುತ್ತದೆ, ಹಂದಿಯ ಯಕೃತ್ತು ಹಾಳಾಗುತ್ತದೆ.

ಪ್ರಶ್ನೆ: ಹಬೂಗೊ, ಗಿಹುಯೇಲೊ ಅಂತ ಊರ ಹೆಸರು ಹೇಳುತ್ತಾರೆ. ಸೆರಾನೊ ಅಂತಲೂ ಇದೆ. ಯಾವುದು ಮೇಲು?
(ಒಬ್ಬ ಓದುಗರು, ಕಂಪ್ಲಿ)

ಉತ್ತರ: ಸೆರಾನೊ ಈ ಗುಂಪಿಗೇ ಸೇರುವುದಿಲ್ಲ. ಅದು ಸಾಮಾನ್ಯವಾಗಿ ಬಿಳಿ ಹಂದಿಯದು, ಕನಿಷ್ಠ 7 ತಿಂಗಳು ಮಾಗಿದರೆ ಸಾಕು. ದಿನಬಳಕೆಗೆ ಚೆನ್ನಾಗಿರುತ್ತದೆ.

ಇಬೆರಿಕೊಗೆ ಊರಿನ ಹೆಸರಿನ ರಕ್ಷಣೆ ಇರುವುದು ನಾಲ್ಕು ಕಡೆ. ಹುಯೆಲ್ವಾ ಬೆಟ್ಟಗಳ ಹಬೂಗೊ, ಸಲಮಾಂಕಾ ಪ್ರಾಂತದ ಗಿಹುಯೇಲೊ, ಎಸ್ತ್ರೆಮಾದೂರಾದ ದೆಹೇಸಾ, ಕೊರ್ದೊಬಾದ ಉತ್ತರಕ್ಕಿರುವ ಲೋಸ್ ಪೆದ್ರೋಚೆಸ್. ಹಬೂಗೊಗೆ ಮೊದಲು ಹುಯೆಲ್ವಾ ಅನ್ನುವ ಹೆಸರೇ ಇತ್ತು, 2017ರಲ್ಲಿ ಬದಲಾಯಿತು. ಗಿಹುಯೇಲೊ ಸುಮಾರು 1000 ಮೀಟರ್ ಎತ್ತರದಲ್ಲಿದೆ, ಒಣ ಚಳಿ, ಅಲ್ಲಿ ಉಪ್ಪು ಕಡಿಮೆ ಹಾಕಿದರೂ ನಡೆಯುತ್ತದೆ, ರುಚಿ ಮೃದು. ದಕ್ಷಿಣದವು ಸ್ವಲ್ಪ ಗಡುಸು, ಘಮ ಜಾಸ್ತಿ. ನನಗೆ ದಕ್ಷಿಣದ್ದೇ ಇಷ್ಟ. ಆದರೆ ಊರಿನ ಹೆಸರು ಎಷ್ಟೇ ದೊಡ್ಡದಿರಲಿ, ಪಟ್ಟಿಯ ಬಣ್ಣ ನೋಡದೆ ದುಡ್ಡು ಕೊಡಬಾರದು.

ಪ್ರಶ್ನೆ: ಮಗಳು ರಜೆಗೆ ಬರುವಾಗ ಒಂದು ಪ್ಯಾಕೆಟ್ ತರುತ್ತಾಳಂತೆ. ಹೇಗೆ ತಿನ್ನಬೇಕು? ಒಗ್ಗರಣೆಗೆ ಹಾಕಬಹುದಾ?
(ಒಬ್ಬ ತಾಯಿ, ಸಂಡೂರು)

ಉತ್ತರ: ತರುವ ಮೊದಲು ಹೊರದೇಶದ ಮಾಂಸ ತರುವ ನಿಯಮ ಏನಿದೆ ಅಂತ ಕಸ್ಟಮ್ಸ್‌ನವರನ್ನು ಮಗಳು ಕೇಳಿಕೊಳ್ಳಲಿ. ಅದಕ್ಕೆ ಪ್ರಾಣಿ ಕ್ವಾರಂಟೈನ್ ಕಟ್ಟಳೆಗಳಿವೆ, ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟರೆ ದುಡ್ಡು ದಂಡ.

ಬಂದರೆ ಒಗ್ಗರಣೆಗೆ ದಯವಿಟ್ಟು ಬೇಡ. ಬಾಣಲೆಗೆ ಬಿದ್ದ ಕೂಡಲೇ ಆ ಕೊಬ್ಬೆಲ್ಲ ಕರಗಿ ಹೋಗಿ ಉಪ್ಪುಪ್ಪು ಚರ್ಮ ಉಳಿಯುತ್ತದೆ. ಫ್ರಿಜ್‌ನಿಂದ ತೆಗೆದು ಅಲ್ಲಿನ ಮನೆಯೊಳಗಿನ ಹದಕ್ಕೆ, ಅಂದರೆ 20 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ ತಿನ್ನುತ್ತಾರೆ. ನಮ್ಮ ಮೇ ತಿಂಗಳಲ್ಲಿ ಅದನ್ನು ಹಾಗೇ ಹೊರಗೆ ಬಿಟ್ಟರೆ ತಟ್ಟೆ ತುಂಬ ಎಣ್ಣೆ. ತೆಗೆದು ಐದು ಹತ್ತು ನಿಮಿಷ ಸಾಕು. ಬರೀ ಬಿಸಿ ಜೋಳದ ರೊಟ್ಟಿ ಮುರಿದು ಅದರ ಮೇಲೆ ಒಂದು ತುಂಡು ಇಟ್ಟರೆ ಚೆನ್ನಾಗಿ ಹೊಂದುತ್ತದೆ, ಕೆಂಪು ಖಾರ, ಶೇಂಗಾ ಹಿಂಡಿ ಪಕ್ಕಕ್ಕಿರಲಿ, ಅವುಗಳ ಮುಂದೆ ಇದರ ಘಮ ಗೊತ್ತಾಗುವುದಿಲ್ಲ. ಬಿಳಿ ಕೊಬ್ಬನ್ನು ಕಿತ್ತು ಬಿಸಾಡಬೇಡಿ, ದುಡ್ಡು ಕೊಟ್ಟದ್ದೇ ಅದಕ್ಕೆ. ಮನೆಯಲ್ಲಿ ಬಿಪಿ ಇರುವವರಿದ್ದರೆ ಒಂದೆರಡು ತುಂಡಿಗೆ ನಿಲ್ಲಿಸಲಿ, ಉಪ್ಪು ಜಾಸ್ತಿ ಇರುತ್ತದೆ. ಬೇಯಿಸದ ಮಾಂಸವಾದ್ದರಿಂದ ಬಸುರಿಯರು ಡಾಕ್ಟರನ್ನು ಕೇಳದೆ ತಿನ್ನುವುದು ಬೇಡ.